ಹೆಸರು ತಪ್ಪಿದ ಮಾಂತ್ರಿಕ

ಧಾರವಾಡದಲ್ಲಿ ಜಿಟಿಜಿಟಿ ಮಳೆ ಹಿಡಿದರೆ ಎರಡೇ ಕೆಲಸ. ಹಗ್ಗದ ಮೇಲಿನ ಬಟ್ಟೆ ಒಣಗಿತಾ ಅಂತ ತಾಸಿಗೊಮ್ಮೆ ಮುಟ್ಟಿ ನೋಡುವುದು, ಇಲ್ಲವೇ ಸಪ್ತಾಪುರದ ಗುಂಡ್ಯಾನ ಮನೆಗೆ ಹೋಗಿ ಕೂರುವುದು. ಕಳೆದ ರವಿವಾರ ನಾವು ಎರಡನೆಯದನ್ನು ಮಾಡಿದೆವು. ಟಿವಿ ಮುಂದೆ ಮಂಜ್ಯಾ ಮೋರೆ ಊದಿಸಿಕೊಂಡು ಕೂತಿದ್ದ. ಹುಬ್ಬಳ್ಳಿಯಿಂದ ಬಂದ ಪಾಪು ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಿದ್ದ. ಪಾಪು ಆರಡಿ ಎತ್ತರ, ಮೀಸೆ ಬೇರೆ. ಆದರೂ ಪಾಪುವೇ.

"ಮೂರು ತಾಸು ಹಾಳಾಯ್ತು" ಅಂದೆ ನಾನು.

"ನಿನಗೆ ಮೂರು ತಾಸು. ನನಗೆ ಇಪ್ಪತ್ತು ವರ್ಷ" ಅಂದ ಮಂಜ್ಯಾ.

ಅವನ ಲೆಕ್ಕ ಸುಳ್ಳಲ್ಲ. ಉರ್ಸುಲಾ ಲೆ ಗ್ವಿನ್ 1968ರಲ್ಲಿ ಬರೆದ 'ಎ ವಿಜರ್ಡ್ ಆಫ್ ಅರ್ತ್‌ಸೀ' ಕಾದಂಬರಿಯನ್ನು ಅವನು ಕಾಲೇಜಿನಲ್ಲಿದ್ದಾಗ ಓದಿದ್ದ. ಅವತ್ತಿನಿಂದ ಸಿಕ್ಕವರಿಗೆಲ್ಲ ಅದರ ಕಥೆ ಹೇಳುತ್ತಾ ಬಂದಿದ್ದಾನೆ. ನಮಗಂತೂ ಬಾಯಿಪಾಠ. ಅದನ್ನೂ ಅದರ ಮುಂದಿನ ಪುಸ್ತಕವನ್ನೂ ಸೇರಿಸಿ 2004ರ ಡಿಸೆಂಬರ್‌ನಲ್ಲಿ ಅಮೆರಿಕದ ಸೈ-ಫೈ ಚಾನೆಲ್ ಎರಡು ಕಂತಿನ ಧಾರಾವಾಹಿ ಮಾಡಿ ತೋರಿಸಿತ್ತು. ಮಂಜ್ಯಾ ಇಷ್ಟು ವರ್ಷ ಅದನ್ನು ನೋಡದೆ ತಪ್ಪಿಸಿಕೊಂಡಿದ್ದ. ನಾವೇ ಹಿಡಿದು ಕೂರಿಸಿದೆವು. ಗೆಳೆಯರು ಅಂದಮೇಲೆ ಅಷ್ಟಾದರೂ ಮಾಡಬೇಕು.

ಪಾಪು ಒಂದು ಕಣ್ಣು ತೆರೆದ. "ಡ್ರ್ಯಾಗನ್ ಬಂತಲ್ಲೋ, ಮಂತ್ರ ಇತ್ತಲ್ಲೋ. ಮತ್ತೇನಾಗಬೇಕು ನಿನಗೆ?"

"ಹೆಸರು!" ಅಂತ ಕೂಗಿದ ಮಂಜ್ಯಾ. ಒಳಗೆ ಅಡುಗೆಮನೆಯಲ್ಲಿ ಏನೋ ಬಿದ್ದ ಸದ್ದಾಯಿತು.

ಅವನ ಸಿಟ್ಟಿಗೆ ಕಾರಣ ಇದು. ಆ ಲೋಕದಲ್ಲಿ ಪ್ರತಿಯೊಂದಕ್ಕೂ ಒಂದು ನಿಜವಾದ ಹೆಸರಿದೆ. ಕಲ್ಲಿಗೆ, ಗಾಳಿಗೆ, ಹದ್ದಿಗೆ, ಮನುಷ್ಯನಿಗೆ. ಆ ಹೆಸರು ಗೊತ್ತಿದ್ದವನ ಕೈಯಲ್ಲಿ ಅದರ ಜುಟ್ಟು. ಅದಕ್ಕೇ ಯಾರೂ ತಮ್ಮ ನಿಜವಾದ ಹೆಸರನ್ನು ಹೊರಗೆ ಹೇಳುವುದಿಲ್ಲ. ಗಾಂಟ್ ದ್ವೀಪದಲ್ಲಿ ಆಡು ಕಾಯುವ ಹುಡುಗನಿಗೆ ತಾಯಿ ಇಟ್ಟ ಹೆಸರು ಡ್ಯೂನಿ. ಊರವರು ಕರೆಯುವುದು ಸ್ಪ್ಯಾರೋಹಾಕ್ ಅಂತ, ಅಂದರೆ ಬಿಜ್ಜು ಎಂಬ ಬೇಟೆಹಕ್ಕಿ. ಹದಿಮೂರು ತುಂಬಿದಾಗ ಓಜಿಯನ್ ಎಂಬ ಗುರು ಅವನನ್ನು ತಣ್ಣನೆಯ ಹೊಳೆ ದಾಟಿಸಿ ಕಿವಿಯಲ್ಲಿ ಹೇಳುವ ನಿಜವಾದ ಹೆಸರು ಗೆಡ್. ಮುಂದೆ ಆ ಹುಡುಗ ಸೊಕ್ಕಿನಿಂದ ಮಂತ್ರ ಹಾಕಿ ಒಂದು ನೆರಳನ್ನು ಈ ಲೋಕಕ್ಕೆ ಎಳೆದು ತರುತ್ತಾನೆ. ಮುಖ ಸೀಳಿಹೋಗಿ, ಮಾನ ಕಳೆದುಕೊಂಡು ಕೂತಿದ್ದಾಗ ವೆಚ್ ಎಂಬ ಗೆಳೆಯ ಬಂದು ತನ್ನ ನಿಜವಾದ ಹೆಸರನ್ನು ಅವನಿಗೆ ಹೇಳಿಬಿಡುತ್ತಾನೆ. ಅಷ್ಟೇ. ಹಣ ಕೊಡಲಿಲ್ಲ, ಕತ್ತಿ ಕೊಡಲಿಲ್ಲ. ಹೆಸರು ಕೊಟ್ಟ. ಇಲ್ಲಿಗೆ ಬಂದಾಗಲೆಲ್ಲ ಮಂಜ್ಯಾನ ಗಂಟಲು ಕಟ್ಟುತ್ತದೆ. ನಾವು ಚಹಾ ಕಡೆ ನೋಡುತ್ತೇವೆ.

"ಟಿವಿಯವರು ಏನು ಮಾಡಿದರು? ಗೆಡ್ ಅನ್ನೋದನ್ನ ಕರೆಯೋ ಹೆಸರು ಮಾಡಿದರು. ಬಿಜ್ಜು ಅನ್ನೋದನ್ನ ಗುಟ್ಟಿನ ಹೆಸರು ಮಾಡಿದರು. ಇಡೀ ಕಥೆಯನ್ನ ತಲೆಕೆಳಗೆ ನಿಲ್ಲಿಸಿದರು."

"ಎರಡು ಹೆಸರು ಅದಲುಬದಲಾದರೆ ಏನು ಮುಳುಗಿತು?" ಅಂದ ಪಾಪು.

"ರೇಷನ್ ಕಾರ್ಡಿನಲ್ಲಿ ಆದಾಗ ಕೇಳ್ತೀನಿ" ಅಂದ ಗುಂಡ್ಯಾ. ಅವನಿಗೆ ಆ ಅನುಭವ ಇದೆ.

ಬಣ್ಣದ ಮಾತು ಬಂದಾಗ ಮಾತ್ರ ಮಂಜ್ಯಾ ಧ್ವನಿ ತಗ್ಗಿಸಿದ. ಕಾದಂಬರಿಯ ಗೆಡ್ ಕೆಂಪುಮಿಶ್ರಿತ ಕಂದು ಬಣ್ಣದವನು. ವೆಚ್ ಇನ್ನೂ ಕಪ್ಪು. ಬಿಳಿಯರು ಅಂದರೆ ಹಡಗಿನಲ್ಲಿ ಬಂದು ಊರು ದೋಚುವ ಕಾರ್ಗ್ ಜನ. ಅವತ್ತಿನ ಕಾಲಕ್ಕೆ ಹಾಗೆ ಬರೆಯುವುದೇ ಒಂದು ಧೈರ್ಯ. ಟಿವಿಯಲ್ಲಿ ಗೆಡ್ ಹಾಲಿನಲ್ಲಿ ಅದ್ದಿ ತೆಗೆದಂತಿದ್ದ. ಓಜಿಯನ್ ಪಾತ್ರಕ್ಕೆ ಕಪ್ಪು ನಟ ಡ್ಯಾನಿ ಗ್ಲೋವರ್ ಇದ್ದರು ಅನ್ನುವುದೊಂದೇ ಸಮಾಧಾನ. ಮೈಬಣ್ಣ ನೋಡಿ ಸಂಬಂಧ ಕುದುರಿಸುವ ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

"ಕಾದಂಬರಿ ಬರೆದ ಆಯಮ್ಮ ಸುಮ್ನೆ ಇದ್ದರಾ?" ಅಂತ ಕೇಳಿದೆ.

ಸುಮ್ಮನಿರಲಿಲ್ಲ. ಒಪ್ಪಂದದಲ್ಲಿ ತಾನು ಸಲಹೆಗಾರ್ತಿ ಅಂತ ಇತ್ತು, ಆದರೆ ತನ್ನ ಸಲಹೆಗೆ ಅಲ್ಲಿ ಬೆಲೆಯೇ ಇರಲಿಲ್ಲ ಅಂತ ಬರೆದರು. ಲಗ್ನಪತ್ರಿಕೆಯಲ್ಲಿ ಹಿರಿಯರು ಅಂತ ಹೆಸರು ಹಾಕಿ, ಅಕ್ಕಿಕಾಳಿನ ಹೊತ್ತಿಗೆ ಹಿಂದೆ ನಿಲ್ಲಿಸಿದಂತೆ. ಮೇಲಿಂದ ನಿರ್ದೇಶಕರು, ಲೇಖಕಿಯ ಆಶಯವೇ ಇದು ಅನ್ನುವ ಅರ್ಥದ ಮಾತಾಡಿದರು. ಅದಕ್ಕೆ ಆಕೆ ಕೊಟ್ಟ ಉತ್ತರ ಹೀಗಿತ್ತು: 'ಲಾರ್ಡ್ ಆಫ್ ದ ರಿಂಗ್ಸ್' ಸಿನಿಮಾದ ಕೊನೆಗೆ, ಉಂಗುರ ನಾಶಮಾಡಲು ಹೊರಟ ಫ್ರೋಡೋ ಅದನ್ನೇ ತೊಟ್ಟು ಸುಖವಾಗಿ ರಾಜ್ಯ ಆಳಿದ ಅಂತ ತೋರಿಸಿ, ಆ ಕಥೆ ಬರೆದ ಟೋಲ್ಕಿನ್‌ಗೆ ಬೇಕಾಗಿದ್ದೂ ಅದೇ ಅಂದರೆ ನಂಬುತ್ತೀರಾ?

ಪಾಪುವಿಗೆ ಇದು ಬಹಳ ಹಿಡಿಸಿತು. ಎದ್ದು ಸರಿಯಾಗಿ ಕೂತ.

ನನಗೆ ಒಂದು ತಕರಾರಿತ್ತು. ಪುಸ್ತಕವನ್ನು ಪರದೆಗೆ ತಂದರೆ ಕೆಡಲೇಬೇಕು ಅಂತೇನಿಲ್ಲ. 1986ರ 'ಮಾಲ್ಗುಡಿ ಡೇಸ್' ನೋಡಿ. ಆರ್.ಕೆ. ನಾರಾಯಣರ ಊರು ನಕ್ಷೆಯಲ್ಲೇ ಇಲ್ಲ. ಶಂಕರ್ ನಾಗ್ ಅದನ್ನು ಆಗುಂಬೆಯಲ್ಲಿ ನಿಲ್ಲಿಸಿದರು. ನಮ್ಮ ಧಾರವಾಡದಲ್ಲಿ ಬೆಳೆದ ಕಾರ್ನಾಡರು ಸ್ವಾಮಿಯ ಅಪ್ಪನಾದರು. ಯಾರಾದರೂ ಇದು ಮಾಲ್ಗುಡಿ ಅಲ್ಲ ಅಂದರಾ? ಊರು ಬದಲಾಯಿಸಬಹುದು, ಮಳೆ ಜಾಸ್ತಿ ಮಾಡಬಹುದು. ಸ್ವಾಮಿಗೆ ಅಪ್ಪನ ಮೇಲಿನ ಹೆದರಿಕೆ ಹಾಗೇ ಇರಬೇಕು, ಅಷ್ಟೇ.

"ಅದನ್ನೇ ಹೇಳ್ತಿರೋದು" ಅಂದ ಮಂಜ್ಯಾ. "ಇವರಿಗೆ ಹೆಸರು ಅಂದರೆ ಡಬ್ಬಿ ಮೇಲಿನ ಚೀಟಿ."

ಧಾರವಾಡದವರಿಗೆ ಈ ಕಥೆ ಕೊಟ್ಟಿದ್ದರೆ ಇಂಥ ತಪ್ಪು ಆಗುತ್ತಿರಲಿಲ್ಲ ಅಂತ ನನ್ನ ಅಭಿಪ್ರಾಯ. ನಮ್ಮಲ್ಲಿ ಒಬ್ಬೊಬ್ಬರಿಗೂ ನಾಲ್ಕು ಹೆಸರು. ತೊಟ್ಟಿಲಲ್ಲಿ ಇಟ್ಟಿದ್ದೊಂದು, ಶಾಲೆಯಲ್ಲಿ ಬರೆಸಿದ್ದೊಂದು, ಓಣಿಯಲ್ಲಿ ಕೂಗುವುದೊಂದು. ಕೊನೆಗೆ ಉಳ್ಳಾಗಡ್ಡಿ, ಮೆಣಸಿನಕಾಯಿ ಅಂತ ಸಂತೆಯನ್ನೇ ಹೊತ್ತ ಅಡ್ಡಹೆಸರು. ಮಕ್ಕಳು ಉಳಿಯದ ಮನೆಯಲ್ಲಿ ಸಾವಿನ ಕಣ್ಣು ತಪ್ಪಿಸಲು ತಿಪ್ಪಣ್ಣ ಅಂತ ಇಡುತ್ತಿದ್ದರು. ಇಲ್ಲೇ ಸಾಧನಕೇರಿಯಲ್ಲಿ ಬೇಂದ್ರೆ ಇದ್ದರು, ಕವಿತೆ ಬರೆದವರು ಮಾತ್ರ ಅಂಬಿಕಾತನಯದತ್ತರು.

ಅಷ್ಟರಲ್ಲಿ ಗುಂಡ್ಯಾನ ಅಜ್ಜಿ ಗಿರಮಿಟ್ಟಿನ ಬೋಗುಣಿ ಹಿಡಿದು ಬಂದರು. ಎಲ್ಲ ಕೇಳಿಸಿಕೊಂಡಿದ್ದರು ಅಂತ ಕಾಣುತ್ತದೆ.

"ಹೆಸರು ಸೀದಾ ಹೇಳಬಾರದು ಅಂತ ಓದಿ ತಿಳಕೋಬೇಕೇನೋ? ಐವತ್ತು ವರ್ಷ ನಾನು ನಿಮ್ಮ ಅಜ್ಜನ ಹೆಸರು ಒಡಪಿನೊಳಗ ಬಿಟ್ಟರ ಹೇಳಿಲ್ಲ."

"ಹಾಗಾದರೆ ಒಂದು ಆಗಲಿ ಅಜ್ಜಿ" ಅಂದ ಪಾಪು.

ಅಜ್ಜಿ ಸೆರಗು ಸರಿಮಾಡಿಕೊಂಡರು. "ಗಿರಮಿಟ್ಟಿಗೆ ಬೇಕು ಪುಟಾಣಿ ಹಿಟ್ಟು, ಶಂಕರರಾಯರಿಗೆ ಮೂಗಿನ ತುದೀಗೇ ಸಿಟ್ಟು!"

ಗೋಡೆಯ ಮೇಲಿನ ಫೋಟೊದಲ್ಲಿ ಶಂಕರರಾಯರು ಸಿಟ್ಟಿನಲ್ಲೇ ಇದ್ದರು.

ಹುರುಪಿಗೆ ಬಂದ ಮಂಜ್ಯಾ ಅಜ್ಜಿಗೆ ಎರಡನೆಯ ಪುಸ್ತಕದ ಕಥೆ ಶುರುಮಾಡಿದ. ಟೆನಾರ್ ಅಂತ ಪುಟ್ಟ ಹುಡುಗಿ. ಅವಳನ್ನು ಮನೆಯಿಂದ ಒಯ್ದು, ಕತ್ತಲೆಯ ಶಕ್ತಿಗಳಿಗೆ ಪೂಜಾರಿಣಿ ಮಾಡುತ್ತಾರೆ. ಹೆಸರು ಕಿತ್ತುಕೊಂಡು ಅರ್ಹಾ ಅಂತ ಕರೆಯುತ್ತಾರೆ. ಹಾಗಂದರೆ ತುತ್ತಾಗಿ ಹೋದವಳು. ಎಷ್ಟೋ ವರ್ಷದ ಮೇಲೆ ಗೆಡ್ ಬಂದು, ನೀನು ಟೆನಾರ್ ಅಂತ ಅವಳ ಹೆಸರನ್ನು ಅವಳಿಗೆ ವಾಪಸು ಕೊಡುತ್ತಾನೆ. ಟಿವಿಯಲ್ಲಿ ಇದೂ ತಿರುವುಮುರುವು. ಅಲ್ಲಿ ಪೂಜಾರಿಣಿಯರು ಆ ಶಕ್ತಿಗಳನ್ನು ಕೂಡಿಹಾಕಿ ಕಾವಲು ಕಾಯುತ್ತಾರೆ.

ಅಜ್ಜಿ ಎರಡನೇ ಸಲ ಗಿರಮಿಟ್ಟು ಬಡಿಸುವುದನ್ನು ನಿಲ್ಲಿಸಿದರು.

"ನನಗೂ ಮದುವ್ಯಾಗ ಹೆಸರು ಬದಲಿ ಮಾಡಿದರು. ತಾಟಿನ ತುಂಬ ಅಕ್ಕಿ ಹರವಿ, ಉಂಗುರದಿಂದ ಹೊಸಾ ಹೆಸರು ಬರೆದರು."

"ಆಮೇಲೆ?"

"ಆಮೇಲೇನು. ಮರುದಿನ ಅದೇ ಅಕ್ಕಿ ಅನ್ನ ಆತು. ಎಲ್ಲಾರೂ ಉಂಡರು."

ಮಂಜ್ಯಾ ಬಾಯಿಗೆ ಒಯ್ದ ಮಿರ್ಚಿ ಹಾಗೇ ನಿಂತಿತು.

ಗುಂಡ್ಯಾನ ಮುಖ ನೋಡಬೇಕಿತ್ತು. ನಲವತ್ತು ವರ್ಷದಿಂದ ಅದೇ ಮನೆಯಲ್ಲಿದ್ದಾನೆ. ಅಜ್ಜಿಗೆ ಇನ್ನೊಂದು ಹೆಸರಿತ್ತು ಅನ್ನುವುದೇ ಅವನಿಗೆ ಗೊತ್ತಿಲ್ಲ. "ಮೊದಲಿನದು ಏನಿತ್ತು ಅಜ್ಜಿ?"

ಅಜ್ಜಿ ನಮ್ಮ ಮೂವರ ಕಡೆ ಒಮ್ಮೆ ನೋಡಿದರು. ಆಮೇಲೆ ಬಗ್ಗಿ ಮೊಮ್ಮಗನ ಕಿವಿಯಲ್ಲಿ ಹೇಳಿದರು. ಖಾಲಿ ಬೋಗುಣಿ ಎತ್ತಿಕೊಂಡು ಒಳಗೆ ಹೋದರು.

ನಾವು ಕೇಳಿದೆವು, ಬೈದೆವು. ಪಾಪು ಒಂದು ವಾರ ಮಿರ್ಚಿ ತಿನ್ನಿಸುತ್ತೇನೆ ಅಂದ. ಗುಂಡ್ಯಾ ಬಾಯಿ ಬಿಡಲಿಲ್ಲ.