ಬ್ಲೀಚಿಂಗ್ ಹಾಕಿದ ಮೇಲೆ ಪೂಲ್ ನೀರು ಚಹಾ ಬಣ್ಣಕ್ಕೆ ತಿರುಗಿದೆ, ಏನು ಮಾಡೋದು?

ತುಂಗಾತೀರ:
ತೀರ್ಥಹಳ್ಳಿ ಹತ್ತಿರದ ಹೋಂಸ್ಟೇ, ಹಿತ್ತಲಲ್ಲಿ ಪೂಲ್. 8 ಮೀಟರ್ ಉದ್ದ, 4 ಅಗಲ, ಸರಾಸರಿ 1.2 ಆಳ, ಅಂದರೆ 38,400 ಲೀಟರ್. ಮರಳಿನ ಫಿಲ್ಟರ್, ನೀರಿನ ದಾರಿ ಬದಲಿಸುವ ಮಲ್ಟಿಪೋರ್ಟ್ ವಾಲ್ವ್. ಮಳೆ ಹೊಳವಾದಾಗ ತಳದ ಕೆಸರು ಹೀರಿ ಹೊರಗೆ ಬಿಟ್ಟು, ಇಳಿದ ಮುಕ್ಕಾಲು ಅಡಿಗೆ ಬೋರ್ ನೀರು ತುಂಬಿಸಿದ್ದೇವೆ. ಆಗ ನೀರು ತಿಳಿಯಾಗೇ ಇತ್ತು. ಸಂಜೆ ಒಂದು ಕೆಜಿ ಬ್ಲೀಚಿಂಗ್ ಪೌಡರ್ ಹಾಕಿದ್ದು, ಬೆಳಗ್ಗೆ ನೋಡಿದರೆ ಕಡು ಚಹಾ. ಗೋಡೆ ಜಾರುತ್ತಿಲ್ಲ. ಪಿಎಚ್ 6.8, ಆಲ್ಕಲಿನಿಟಿ (ಪಿಎಚ್ ಏರಿಳಿತ ತಡೆಯುವ ಕ್ಷಾರಗುಣ) 40 ಪಿಪಿಎಂ, ಅಂದರೆ ಲೀಟರಿಗೆ 40 ಮಿಲಿಗ್ರಾಂ, ಕ್ಲೋರಿನ್ ಸೊನ್ನೆ. ಫಿಲ್ಟರ್‌ನ ಒತ್ತಡದ ಗೇಜ್ 10ರಿಂದ 19 ಪಿಎಸ್‌ಐಗೆ ಏರಿದೆ. ತೇಲುಬುಟ್ಟಿಯಲ್ಲಿ ಟಿಸಿಸಿಎ ಮಾತ್ರೆ (ನಿಧಾನ ಕರಗುವ ಕ್ಲೋರಿನ್ ಮಾತ್ರೆ) ಸದಾ ಇರುತ್ತದೆ. ಪೂರ್ತಿ ಖಾಲಿ ಮಾಡಿ ಹೊಸ ನೀರು ತುಂಬಿಸಿ ಅಂತ ಹೇಳುತ್ತಿದ್ದಾರೆ. ಮಾಡಬಹುದಾ?

ಜಂಬಿಟ್ಟಿಗೆ:
ಖಾಲಿ ಮಾಡಲೇಬೇಡಿ ಮಾರಾಯ್ರೆ! ಮಳೆಗಾಲದಲ್ಲಿ ನೆಲವೆಲ್ಲ ನೀರು ಕುಡಿದು ನಿಂತಿರುತ್ತದೆ. ಒಳಗಿನ ನೀರಿನ ಭಾರ ತೆಗೆದ ಕೂಡಲೇ ಅಡಿಯ ಒರತೆ ತಳವನ್ನು ಮೇಲಕ್ಕೆ ಒತ್ತುತ್ತದೆ. ಟೈಲ್ಸ್ ಏಳುತ್ತದೆ, ತಳ ಬಿರಿಯುತ್ತದೆ, ಫೈಬರ್ ಪೂಲ್ ಆದರೆ ಇಡಿಯಾಗಿ ಎದ್ದೇಳಬಹುದು. ದರೆ ಕಡಿದು ಅದರ ಬುಡದಲ್ಲಿ ಕಟ್ಟಿದ ಪೂಲ್‌ಗೆ ಈ ಅಪಾಯ ಇನ್ನೂ ಜಾಸ್ತಿ. ಖಾಲಿ ಮಾಡಲೇಬೇಕಾದ ಕೆಲಸ ಇದ್ದರೆ ಮಾರ್ಚ್-ಏಪ್ರಿಲ್‌ನಲ್ಲಿ, ಬಾವಿ ನೀರು ಇಳಿದ ಮೇಲೆ.

ಫಿಲ್ಟರ್‌ಮನೆ:
ಇದು ಹಾವಸೆ ಅಲ್ಲ, ಕಬ್ಬಿಣ. ಬೋರ್ ನೀರಲ್ಲಿ ಕಬ್ಬಿಣ ಕರಗಿರುವಾಗ ಕಣ್ಣಿಗೆ ಕಾಣುವುದಿಲ್ಲ. ಕ್ಲೋರಿನ್ ತಗುಲಿದ ಕೂಡಲೇ ತುಕ್ಕಾಗಿ ಹೊರಬೀಳುತ್ತದೆ. ಖಚಿತ ಮಾಡಿಕೊಳ್ಳಲು ಬಿಳಿ ಬಕೆಟ್‌ಗೆ ಬೋರ್ ನೀರು ಹಿಡಿದು, ಬ್ಲೀಚಿಂಗ್ ಕದಡಿದ ತಿಳಿ ಒಂದು ಚಮಚ ಹಾಕಿ ಅರ್ಧ ಗಂಟೆ ಬಿಡಿ. ಕೆಂಪಾದರೆ ಸಂಶಯವೇ ಬೇಡ. ಕೆಂಪಾಗದಿದ್ದರೆ ಕಾರಣ ಬೇರೆ ಇರಬೇಕು.

ಮೊದಲು ಆಲ್ಕಲಿನಿಟಿ ಸರಿ ಮಾಡಿ, ಉಳಿದದ್ದು ಆಮೇಲೆ. ಮಳೆ ನೀರಿಗೆ ಆಲ್ಕಲಿನಿಟಿಯೇ ಇಲ್ಲ, ಮೇಲಿಂದ ಟಿಸಿಸಿಎ ಹುಳಿ ಗುಣದ್ದು. ಎರಡೂ ಸೇರಿ ನಿಮ್ಮ ಪಿಎಚ್ ಇಳಿಸಿವೆ. ನಿಮ್ಮ ಪೂಲ್ ಮೇಲೆ 100 ಮಿ.ಮೀ. ಮಳೆ ಸುರಿದರೆ 3,200 ಲೀಟರ್ ಸೇರುತ್ತದೆ, ಅಷ್ಟೇ ನೀರು ಉಕ್ಕಿ ಹೋಗುತ್ತದೆ, ಹಾಕಿದ ಔಷಧಿಯೂ ಅದರ ಜೊತೆ. ಅಡುಗೆ ಸೋಡಾ ಎರಡೂವರೆ ಕೆಜಿ ಹಾಕಿದರೆ 40 ಇದ್ದದ್ದು 80ರ ಹತ್ತಿರ ಬರುತ್ತದೆ. ಎರಡು ಕಂತಲ್ಲಿ, ಪಂಪ್ ಓಡುತ್ತಿರುವಾಗ, ಸುತ್ತಲೂ ಎರಚಿ. ಮಾತ್ರೆಯ ಬುಟ್ಟಿ ಸದ್ಯಕ್ಕೆ ತೆಗೆದಿಡಿ.

ಅದೇ ಸಂಜೆ 10% ಸೋಡಿಯಂ ಹೈಪೋಕ್ಲೋರೈಟ್ ಒಂದೂಕಾಲು ಲೀಟರ್ ಹಾಕಿ, ಸುಮಾರು 3 ಪಿಪಿಎಂ ಬರುತ್ತದೆ. ಕರಗಿ ಉಳಿದ ಕಬ್ಬಿಣವೂ ಆಗ ಹೊರಬೀಳುತ್ತದೆ. ರಾತ್ರಿಯಿಡೀ ಪಂಪ್ ಓಡಲಿ. ಗೇಜ್ ಮೊದಲಿಗಿಂತ 8-10 ಪಿಎಸ್‌ಐ ಏರಿದಾಗಲೆಲ್ಲ ಬ್ಯಾಕ್‌ವಾಶ್, ಅಂದರೆ ನೀರು ಉಲ್ಟಾ ಹರಿಸಿ ಮರಳು ತೊಳೆಯುವುದು. ಈಗಲೇ 19 ಇರುವುದರಿಂದ ಶುರುವಿಗೇ ಒಂದು ಮಾಡಿಬಿಡಿ. ಪಂಪ್ ನಿಲ್ಲಿಸದೆ ವಾಲ್ವ್ ಹಿಡಿ ತಿರುಗಿಸಬೇಡಿ, ಒಳಗಿನ ಗ್ಯಾಸ್ಕೆಟ್ ಕಿತ್ತು ಬರುತ್ತದೆ. ಗಾಜಿನ ಕಿಂಡಿಯಲ್ಲಿ ಕೆಂಪು ಹೋಗಿ ತಿಳಿ ಕಾಣುವವರೆಗೆ ಎರಡು ಮೂರು ನಿಮಿಷ ಬೇಕು. ಆಮೇಲೆ ಅರ್ಧ ನಿಮಿಷ ರಿನ್ಸ್, ಅಂದರೆ ನೀರು ಸರಿದಿಕ್ಕಿಗೆ ಹರಿಸಿ ಹೊರಗೆ ಬಿಡುವುದು. ರಿನ್ಸ್ ಬಿಟ್ಟರೆ ಕಲಕಿದ ಕೊಳೆ ಪೂಲ್‌ಗೇ ವಾಪಸ್.

ಸೋಗೆಮಾಡು:
ಮೇಲಿನದು ಸರಿ, ಆದರೆ ತುಕ್ಕಿನ ಅತಿ ಸಣ್ಣ ಕಣ ಮರಳಿನಲ್ಲಿ ಪೂರ್ತಿ ನಿಲ್ಲುವುದಿಲ್ಲ. ಎರಡು ದಿನಕ್ಕೂ ತಿಳಿಯಾಗದಿದ್ದರೆ ಪಟಿಕ ಬೇಕು. 800 ಗ್ರಾಂ ಪಟಿಕದ ಪುಡಿ ಬಕೆಟ್ ನೀರಲ್ಲಿ ಪೂರ್ತಿ ಕರಗಿಸಿ ಸುತ್ತಲೂ ಸುರಿಯಿರಿ. ವಾಲ್ವ್ ರೀಸರ್ಕ್ಯುಲೇಟ್‌ನಲ್ಲಿಟ್ಟು ಒಂದು ಗಂಟೆ ಓಡಿಸಿ, ಪಂಪ್ ಆಫ್. ಫಿಲ್ಟರ್ ಮೂಲಕ ಓಡಿಸಿದರೆ ಮರಳು ಗಟ್ಟಿಕಟ್ಟುತ್ತದೆ. ರಾತ್ರಿ ಯಾರೂ ನೀರು ಅಲ್ಲಾಡಿಸಬಾರದು. ಬೆಳಗ್ಗೆ ತಳದಲ್ಲಿ ಕಂದು ಹತ್ತಿಯಂಥ ಪದರ ಕೂತಿರುತ್ತದೆ. ವಾಲ್ವ್ ವೇಸ್ಟ್‌ಗೆ (ನೀರು ನೇರ ಹೊರಗೆ ಹೋಗುವಂತೆ) ತಿರುಗಿಸಿ ವ್ಯಾಕ್ಯೂಮ್ ತಲೆಯನ್ನು ನಿಧಾನ, ತೀರಾ ನಿಧಾನ ಎಳೆಯಿರಿ. ಅವಸರ ಮಾಡಿದರೆ ಎಲ್ಲ ಎದ್ದು ಮತ್ತೆ ಒಂದು ರಾತ್ರಿ ಕಾಯಬೇಕು. ಇಷ್ಟು ಪಟಿಕ ಆಲ್ಕಲಿನಿಟಿಯಲ್ಲಿ ಸುಮಾರು 10 ತಿನ್ನುತ್ತದೆ, ಹಾಗಾಗಿ ಮತ್ತೆ ಅಳೆದು 650 ಗ್ರಾಂ ಸೋಡಾ ಸೇರಿಸಿ.

ಇಳಿದ ನೀರಿಗೆ ಮತ್ತೆ ನೇರ ಬೋರ್ ಬಿಡಬೇಡಿ. ಬಾವಿ ನೀರೋ ಮಾಡಿನ ನೀರೋ ಇದ್ದರೆ ಒಳ್ಳೆಯದು. ಬೋರೇ ಗತಿ ಅಂದರೆ ಟ್ಯಾಂಕಿನ ಮೇಲಿಂದ ಷವರ್ ತಲೆಯಲ್ಲಿ ಬೀಳಿಸಿ, ಸ್ವಲ್ಪ ಹೈಪೋಕ್ಲೋರೈಟ್ ಹಾಕಿ, ರಾತ್ರಿ ಕೂರಿಸಿ, ತಳದಿಂದ ಅರ್ಧ ಅಡಿ ಮೇಲಿನ ನೀರು ಮಾತ್ರ ತೆಗೆಯಿರಿ. ತುಕ್ಕು ಟ್ಯಾಂಕಲ್ಲೇ ಕೂರಲಿ.

ಇನ್ನೊಂದು: ನಮ್ಮ ಕಡೆಯ ತೇವದ ಹವೆಗೆ ಬಾಯಿಬಿಟ್ಟ ಬ್ಲೀಚಿಂಗ್ ಚೀಲ ಬೇಗ ಸತ್ವ ಕಳಕೊಳ್ಳುತ್ತದೆ. ಒಂದು ಕೆಜಿ ಹಾಕಿಯೂ ಕ್ಲೋರಿನ್ ಸೊನ್ನೆ ಬರಲು ಅದೂ ಒಂದು ಕಾರಣ ಇರಬಹುದು.

ತುಂಗಾತೀರ:
ಬಕೆಟ್ ಕೆಂಪಾಯಿತು ಸಾರ್, ಕಬ್ಬಿಣವೇ. ಸೋಡಾದಿಂದ ಶುರು ಮಾಡುತ್ತೇವೆ. ಹಾವಸೆ ಬರದ ಹಾಗೆ ತೋಟಕ್ಕೆ ತಂದ ಮೈಲುತುತ್ತ (ತಾಮ್ರದ ಸಲ್ಫೇಟ್) ಸ್ವಲ್ಪ ಹಾಕಬಹುದಾ?

ಫಿಲ್ಟರ್‌ಮನೆ:
ಬೇಡ. ತಾಮ್ರ ನೀರಲ್ಲೇ ಉಳಿದು ಗೋಡೆಗೆ ಕಲೆ ಕಟ್ಟುತ್ತದೆ, ಬೆಳ್ಳಗಿನ ಕೂದಲು ಹಸಿರಾಗುತ್ತದೆ, ಹೊರಗೆ ಬಿಟ್ಟ ನೀರು ಹಳ್ಳ ಸೇರಿದರೆ ಮೀನು ಸಾಯುತ್ತದೆ. ಕ್ಲೋರಿನ್ 1ರಿಂದ 3, ಪಿಎಚ್ 7.2ರಿಂದ 7.6 ಇದ್ದು, ಪಂಪ್ ದಿನಕ್ಕೆ 8 ಗಂಟೆ ಓಡಿದರೆ ಹಾವಸೆಗೆ ಜಾಗವಿಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆಸುವ ದಿನ ಪೂಲ್‌ಗೆ ಟಾರ್ಪಾಲ್ ಮುಚ್ಚಿ, ಗಾಳಿಗೆ ಹನಿ ಹಾರಿ ಬರುತ್ತದೆ.

ಜಂಬಿಟ್ಟಿಗೆ:
ಟಿಸಿಸಿಎ ಮಾತ್ರೆ, ಬ್ಲೀಚಿಂಗ್ ಎರಡೂ ಮನೆಯಲ್ಲಿವೆ ಅಂದ್ರಲ್ಲ, ಅವನ್ನು ಒಂದೇ ಬಕೆಟ್‌ಗೆ, ಒಂದೇ ಮಗ್‌ಗೆ ಎಂದೂ ಹಾಕಬೇಡಿ, ಬೆಂಕಿ ಹತ್ತಿಕೊಳ್ಳುತ್ತದೆ, ಸಿಡಿಯುತ್ತದೆ. ಕೆಲಸದವರಿಗೂ ಹೇಳಿಡಿ. ಮತ್ತೆ, ದಡದಲ್ಲಿ ನಿಂತರೆ ತಳದ ಡ್ರೈನ್ ಜಾಲರಿ ಸ್ಪಷ್ಟ ಕಾಣುವವರೆಗೆ ಅತಿಥಿಗಳನ್ನು ಇಳಿಸಬೇಡಿ. ಈ ಬಣ್ಣದ ನೀರಲ್ಲಿ ಮಗು ಮುಳುಗಿದರೂ ಮೇಲಿದ್ದವರಿಗೆ ಕಾಣುವುದಿಲ್ಲ.