ತಿಂಗಳಿಗೆ ಖಚಿತ ದುಡ್ಡು ಕೊಡ್ತೀವಿ ಅನ್ನೋ ಬಾಡಿಗೆ ಸ್ಕೂಟರ್ ಕಂಪನಿ: ನಂಬೋದು ಹೇಗೆ?

ಕೇಳಿದವರು, ಹಾಸನ: ಎರಡು ವರ್ಷದ ಹಿಂದೆ ಶುರುವಾದ ಕಂಪನಿಯೊಂದು ಚಿಕ್ಕಮಗಳೂರಲ್ಲಿ ಪ್ರವಾಸಿಗರಿಗೆ ಎಲೆಕ್ಟ್ರಿಕ್ ಸ್ಕೂಟರ್ ಬಾಡಿಗೆಗೆ ಬಿಡುತ್ತಿದೆ. ಒಂದು ಗಾಡಿಗೆ 1.2 ಲಕ್ಷ ಹಾಕಿದರೆ ತಿಂಗಳಿಗೆ 9,000, ಮೂರು ವರ್ಷ ಗ್ಯಾರಂಟಿ ಅಂತಾರೆ. ಆ್ಯಪ್ ಚೆನ್ನಾಗಿದೆ, ಸ್ಟಾರ್ಟಪ್ ಸರ್ಟಿಫಿಕೇಟೂ ತೋರಿಸಿದರು. ದುಡ್ಡು ಹಾಕುವ ಮುಂಚೆ ಏನು ನೋಡಬೇಕು? ಗೊತ್ತಿರೋರು ಹೇಳಿ.

ಕಂಪನಿ ಲೆಕ್ಕಪತ್ರದ ಕೆಲಸದವರು, ಹಾಸನ: ಸರ್, ಆ ಸರ್ಟಿಫಿಕೇಟ್ ಪಕ್ಕಕ್ಕಿಡಿ. ಸ್ಟಾರ್ಟಪ್ ಮಾನ್ಯತೆ ಸಿಕ್ಕಿದೆ ಅಂದರೆ ಸರ್ಕಾರ ಅವರ ಲೆಕ್ಕ ನೋಡಿ ಭೇಷ್ ಅಂದಿದೆ ಅಂತಲ್ಲ. ಸಿಐಎನ್, ಅಂದರೆ ಕಂಪನಿಯ ನೋಂದಣಿ ಸಂಖ್ಯೆ ಕೇಳಿ. 21 ಅಕ್ಷರ-ಅಂಕಿಗಳ ಆ ಸಂಖ್ಯೆಯಲ್ಲೇ ರಾಜ್ಯ, ನೋಂದಣಿಯಾದ ವರ್ಷ ಎರಡೂ ಇರುತ್ತೆ. ಎಂಸಿಎ (ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ) ಜಾಲತಾಣದಲ್ಲಿ ಅದನ್ನು ಹಾಕಿದರೆ ಪಾವತಿಯಾದ ಬಂಡವಾಳ, ಕೊನೆಯ ಬ್ಯಾಲೆನ್ಸ್ ಶೀಟಿನ ದಿನಾಂಕ ಪುಕ್ಕಟೆ ಸಿಗುತ್ತೆ. ಒಂದು ಲಕ್ಷ ಬಂಡವಾಳದ ಕಂಪನಿ ಕೋಟಿಗಟ್ಟಲೆಗೆ ಗ್ಯಾರಂಟಿ ಬರೆದುಕೊಟ್ಟರೆ ಅದರ ಬೆಲೆ ಆ ಒಂದು ಲಕ್ಷಾನೇ.

100 ರೂಪಾಯಿ ಕಟ್ಟಿದರೆ ಅವರು ಸಲ್ಲಿಸಿದ ಎಒಸಿ-4, ಅಂದರೆ ವರ್ಷದ ಲೆಕ್ಕಪತ್ರದ ನಮೂನೆ, ಅಲ್ಲೇ ತೆಗೆದು ನೋಡಬಹುದು. ಅದರಲ್ಲಿ ಮೂರು ಸಾಲು ಸಾಕು. ಆಸ್ತಿಯಲ್ಲಿ ವಾಹನಗಳ ಮೌಲ್ಯ ಎಷ್ಟು, ಬಾಡಿಗೆ ವರಮಾನ ಎಷ್ಟು, ಜನರಿಂದ ಪಡೆದ ಮುಂಗಡ ಅಥವಾ ಠೇವಣಿ ಎಷ್ಟು. 300 ಗಾಡಿ ಓಡ್ತಿವೆ ಅನ್ನೋರ ಪುಸ್ತಕದಲ್ಲಿ ವಾಹನಗಳ ಮೌಲ್ಯ 20 ಲಕ್ಷ ಇದ್ದರೆ, ಮಿಕ್ಕವು ಯಾರ ಹೆಸರಲ್ಲಿವೆ ಅಂತ ಬರಹದಲ್ಲಿ ಕೇಳಿ. ಬಾಡಿಗೆ ನಿಂತಲ್ಲೇ ಇದ್ದು ಮುಂಗಡ ಮಾತ್ರ ಬೆಳೆಯುತ್ತಿದ್ದರೆ ಅಲ್ಲಿಗೆ ಮಾತು ಮುಗಿಸಿ. ‘ಚಾರ್ಜ್’ ಪಟ್ಟಿಯನ್ನೂ ತೆರೆದು ನೋಡಿ. ಸಾಲಕ್ಕೆ ಒತ್ತೆ ಇಟ್ಟದ್ದು ಅಲ್ಲಿ ಕಾಣುತ್ತೆ.

ಇಷ್ಟೆಲ್ಲ ಪುರಸೊತ್ತಿಲ್ಲ ಅಂದರೆ ಜಿಎಸ್‌ಟಿ ನಂಬರ್ ಅದರ ಜಾಲತಾಣದಲ್ಲಿ ಹಾಕಿ, 3ಬಿ ರಿಟರ್ನ್ (ತೆರಿಗೆ ಲೆಕ್ಕ) ಹೊತ್ತಿಗೆ ಸರಿಯಾಗಿ ಬಿದ್ದಿದೆಯಾ ನೋಡಿ. ಕೈ ಬಿಗಿಯಾದ ಕಂಪನಿ ಮೊದಲು ತಡ ಮಾಡೋದು ಅದನ್ನೇ. ನನ್ನ ಮಟ್ಟಿಗೆ ಆ್ಯಪಿನ ರೇಟಿಂಗಿಗಿಂತ ಇದು ದೊಡ್ಡ ಸಾಕ್ಷಿ.

ಆರ್‌ಟಿಒ ಕಾಗದಪತ್ರ ಬಲ್ಲವರು: ಎಲ್ಲಕ್ಕಿಂತ ಮೊದಲು ಒಂದು ಪ್ರಶ್ನೆ. ಆರ್‌ಸಿ ಯಾರ ಹೆಸರಲ್ಲಿ? ನಿಮ್ಮ ಹೆಸರಲ್ಲಿದ್ದರೆ ಅಪಘಾತವಾದಾಗ ಪರಿಹಾರದ ಕೇಸಿನಲ್ಲಿ ಮಾಲೀಕರು ಅಂತ ನಿಮಗೇ ನೋಟಿಸ್. ಕಂಪನಿ ಹೆಸರಲ್ಲಿದ್ದರೆ ನೀವು ಗಾಡಿ ಕೊಂಡಿಲ್ಲ, ಭದ್ರತೆ ಇಲ್ಲದ ಸಾಲ ಕೊಟ್ಟಿದ್ದೀರಿ.

ಮೂರನೇ ಥರಾನೂ ಇದೆ. ಗಂಟೆಗೆ 25 ಕಿ.ಮೀ. ದಾಟದ, 250 ವ್ಯಾಟ್ ಒಳಗಿನ ಗಾಡಿಗೆ ನೋಂದಣಿಯೇ ಬೇಡ. ಆರ್‌ಸಿ ಇಲ್ಲ ಅಂದಮೇಲೆ ಒಂದೇ ಗಾಡಿಯನ್ನು ನಾಲ್ಕು ಜನಕ್ಕೆ ತೋರಿಸಿದರೂ ಹಿಡಿಯೋರಿಲ್ಲ. ಅಂಥದ್ದಕ್ಕೆ ಚಾಸಿ ನಂಬರ್, ಬ್ಯಾಟರಿ ನಂಬರ್ ಎರಡೂ ಇರುವ ಇನ್‌ವಾಯ್ಸ್ ನಿಮ್ಮ ಹೆಸರಲ್ಲೇ ಇರಬೇಕು. ಬ್ಯಾಟರಿ ಬೇರೆ ಕಂಪನಿಯದು ಅಂದರೆ ನಿಮಗೆ ಸಿಗೋದು ಬರೀ ಚೌಕಟ್ಟು.

ನೋಂದಣಿಯಾದ ದ್ವಿಚಕ್ರ ಬಾಡಿಗೆಗೆ ಬಿಡೋಕೆ 1997ರ ರೆಂಟ್ ಎ ಮೋಟರ್ ಸೈಕಲ್ ಯೋಜನೆ ಅಡಿ ಪರವಾನಗಿ ಬೇಕು. ಕನಿಷ್ಠ 5 ಗಾಡಿ ಇರಬೇಕು, ಪರವಾನಗಿ 5 ವರ್ಷದ್ದು. ಬೆಂಗಳೂರಿನ ಕಾಗದ ತೋರಿಸಿದರೆ ಒಪ್ಪಬೇಡಿ, ಚಿಕ್ಕಮಗಳೂರಿನ ಶಾಖೆಯದ್ದು ಕೇಳಿ. ಎಲೆಕ್ಟ್ರಿಕ್ ಗಾಡಿಯ ಹಸಿರು ಬೋರ್ಡಿನಲ್ಲಿ ಬಿಳಿ ಅಕ್ಷರ ಇದ್ದರೆ ಅದು ಸ್ವಂತ ಬಳಕೆಯದ್ದು, ಹಳದಿ ಅಕ್ಷರ ಇದ್ದರೆ ವಾಣಿಜ್ಯದ್ದು. ಸ್ವಂತ ಬಳಕೆಯ ಪಾಲಿಸಿ ಇಟ್ಟುಕೊಂಡು ಬಾಡಿಗೆಗೆ ಬಿಟ್ಟರೆ ವಿಮೆಯವರು ಕ್ಲೈಮ್ ತಳ್ಳಿಹಾಕೋಕೆ ಅದೊಂದೇ ಸಾಕು. ಗಾಡಿ ನಂಬರುಗಳ ಪೂರ್ತಿ ಪಟ್ಟಿ ತಗೊಂಡು, ಹತ್ತನ್ನು ನೀವೇ ಆರಿಸಿ ಸರ್ಕಾರದ ಆ್ಯಪ್ ಎಂಪರಿವಾಹನ್‌ನಲ್ಲಿ ನೋಡಿ. ಅವರು ಆರಿಸಿಕೊಟ್ಟ ಹತ್ತು ಯಾವಾಗಲೂ ಸರಿಯಾಗೇ ಇರುತ್ತವೆ!

ಬಾಡಿಗೆ ಗಾಡಿ ವ್ಯವಹಾರದವರು, ಚಿಕ್ಕಮಗಳೂರು: ಲೆಕ್ಕ ಹಾಕೋಣ ಬನ್ನಿ. ದಿನಕ್ಕೆ 600 ಅಂತಿಟ್ಟುಕೊಳ್ಳಿ. ಇಲ್ಲಿ ವ್ಯಾಪಾರ ಅಂದರೆ ಶನಿವಾರ, ಭಾನುವಾರ, ಜೊತೆಗೆ ರಜೆಗಳು. ತಿಂಗಳಿಗೆ 12 ದಿನ ಹೋಯ್ತು ಅಂದರೂ 7,200. ಅದರಲ್ಲೇ ಜಿಎಸ್‌ಟಿ, ವಿಮೆ, ಟೈರು, ಬ್ರೇಕ್ ಶೂ, ಜಾಗದ ಬಾಡಿಗೆ, ಹುಡುಗರ ಸಂಬಳ. ಜಡಿಮಳೆ ಹಿಡಿದರೆ ದ್ವಿಚಕ್ರ ಕೇಳೋರೂ ಕಮ್ಮಿ. ನಿಮಗೆ 9,000 ಎಲ್ಲಿಂದ ಬರುತ್ತೆ? ನಿಮ್ಮ ಹಿಂದೆ ಬಂದವರ 1.2 ಲಕ್ಷದಿಂದ.

ಪರೀಕ್ಷೆ ಮಾಡೋದು ಸುಲಭ. ಮಂಗಳವಾರ ಬೆಳಿಗ್ಗೆ 11ಕ್ಕೆ ಒಮ್ಮೆ, ಶನಿವಾರ ಅದೇ ಹೊತ್ತಿಗೆ ಒಮ್ಮೆ ಆ್ಯಪ್ ತೆಗೆದು ಎಷ್ಟು ಗಾಡಿ ಖಾಲಿ ಅಂತ ಎಣಿಸಿ. ನಾಲ್ಕು ವಾರ ಮಾಡಿ.

ಇನ್ನು ಗುಡ್ಡದ ವಿಷಯ. ಪ್ರವಾಸಿಗರು ಹೋಗೋದೇ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೆ, ಬಾಬಾಬುಡನ್‌ಗಿರಿಗೆ. ಸಪಾಟು ರಸ್ತೆಯಲ್ಲಿ ಅಳೆದ ಮೈಲೇಜು ಏರಿನಲ್ಲಿ, ಅದೂ ಇಬ್ಬರು ಕೂತಾಗ, ಸಿಗಲ್ಲ. ಮಧ್ಯದಲ್ಲಿ ನಿಂತರೆ ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಬರಬೇಕು. ಆ ಖರ್ಚು ಯಾರದು ಅಂತ ಕರಾರಿನಲ್ಲಿ ಹುಡುಕಿ. ಬ್ಯಾಟರಿ ವಾರಂಟಿ ಕಾರ್ಡೂ ಓದಿ. ವಾಣಿಜ್ಯ ಬಳಕೆಗೆ ವಾರಂಟಿ ಇಲ್ಲ ಅಂತ ಎಷ್ಟೋ ಕಡೆ ಸಣ್ಣಕ್ಷರದಲ್ಲಿ ಇರುತ್ತೆ.

ಕೇಳಿದವರು: ಮುಂಗಡ ದಿನಾಂಕದ ಚೆಕ್ ಕೊಡ್ತಾರಂತೆ. ದೊಡ್ಡ ಹೂಡಿಕೆದಾರರೂ ಇದ್ದಾರಂತೆ.

ವಕೀಲಿ ವೃತ್ತಿಯವರು, ಹಾಸನ: ಚೆಕ್ ಬೌನ್ಸ್ ಆದರೆ 30 ದಿನದೊಳಗೆ ನೋಟಿಸ್, ಆಮೇಲೆ ಕೋರ್ಟು. ಕೇಸು ಗೆದ್ದರೂ ಖಾಲಿ ಖಾತೆಯಿಂದ ದುಡ್ಡು ಬರಲ್ಲ.

ನೋಯ್ಡಾ ಕಡೆಯ ‘ಬೈಕ್ ಬಾಟ್’ ಯೋಜನೆ ನೋಡಿ. ಬೈಕಿಗೆ 62,100 ಹಾಕಿದರೆ ತಿಂಗಳಿಗೆ 9,765, ಹನ್ನೆರಡು ತಿಂಗಳು. ಕೂಡಿದರೆ 1,17,180. ವರ್ಷಕ್ಕೆ ಸುಮಾರು ಎರಡರಷ್ಟು! ಅದು ಕೊನೆಗೆ ಇ.ಡಿ. ತನಿಖೆಗೆ ಹೋಯ್ತು. ನಿಮ್ಮದರಲ್ಲಿ ಮೂರು ವರ್ಷಕ್ಕೆ 3.24 ಲಕ್ಷ, ವೇಗ ಕಮ್ಮಿ, ಅಚ್ಚು ಅದೇ.

ದೊಡ್ಡ ಹೆಸರೂ ರಕ್ಷಣೆ ಅಲ್ಲ. ಬ್ಲೂಸ್ಮಾರ್ಟ್ ಟ್ಯಾಕ್ಸಿ ಸೇವೆಯನ್ನು ಮೆಚ್ಚದವರಿರಲಿಲ್ಲ. ಅದಕ್ಕೆ ಕಾರು ಒದಗಿಸುತ್ತಿದ್ದ ಜೆನ್ಸಾಲ್ 6,400 ಕಾರಿಗೆ ಅಂತ ಸಾಲ ಎತ್ತಿ ಕೊಂಡದ್ದು 4,704 ಅಂತ 2025ರ ಏಪ್ರಿಲ್‌ನಲ್ಲಿ ಸೆಬಿ ಆದೇಶ ಹೊರಬಿತ್ತು, ಅದೇ ವಾರ ಟ್ಯಾಕ್ಸಿ ಬುಕಿಂಗ್ ನಿಂತಿತು. ಜೆನ್ಸಾಲ್ ಕಂಪನಿಯ ಕ್ರೆಡಿಟ್ ರೇಟಿಂಗ್ (ಸಾಲ ತೀರಿಸೋ ಶಕ್ತಿಗೆ ಕೊಡೋ ದರ್ಜೆ) ಮಾತ್ರ ಮಾರ್ಚ್‌ನಲ್ಲೇ ನೆಲ ಕಚ್ಚಿತ್ತು. ನಿಮ್ಮ ಕಂಪನಿಗೆ ಸಾಲ ಇದ್ದು ರೇಟಿಂಗ್ ಇದ್ದರೆ ಅದನ್ನೂ ಹುಡುಕಿ.

ಹೀಗೆ ಖಚಿತ ವಾಪಸಿಯ ಮಾತು ಕೊಟ್ಟು ಜನರ ದುಡ್ಡು ಎತ್ತೋದು 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆಗೆ ಬೀಳಬಹುದು. ಅನುಮಾನ ಬಂದರೆ ಆರ್‌ಬಿಐನ ‘ಸಚೇತ್’ ಪೋರ್ಟಲ್‌ನಲ್ಲಿ ವಿಚಾರಿಸಿ, ದೂರೂ ಅಲ್ಲೇ ಕೊಡಬಹುದು.

ಆದರೂ ಆಸೆ ಇದ್ದರೆ ಗ್ಯಾರಂಟಿ ಬೇಡ, ಬಂದ ಬಾಡಿಗೆಯಲ್ಲಿ ಪಾಲು ಕೊಡಿ ಅನ್ನಿ. ನಿಮ್ಮ ಗಾಡಿಯ ದಿನದಿನದ ಟ್ರಿಪ್ ಪಟ್ಟಿ ನೋಡೋಕೆ ಲಾಗಿನ್ ಕೇಳಿ. ಕೀಲಿ, ಚಾರ್ಜರ್, ಬ್ಯಾಟರಿ ಸಮೇತ 15 ದಿನದಲ್ಲಿ ಗಾಡಿ ವಾಪಸ್ ಅನ್ನೋ ಷರತ್ತು, ವ್ಯಾಜ್ಯ ಹಾಸನದಲ್ಲೇ ಅನ್ನೋ ಷರತ್ತು ಹಾಕಿಸಿ. ನಿಜವಾಗಿ ಗಾಡಿ ಓಡಿಸಿ ದುಡಿಯೋರು ಇದರಲ್ಲಿ ಒಂದೆರಡಕ್ಕೆ ತಕರಾರು ಮಾಡಿ ಉಳಿದದ್ದಕ್ಕೆ ಸಹಿ ಹಾಕ್ತಾರೆ. ‘ಈ ಆಫರ್ ಭಾನುವಾರದವರೆಗೆ ಮಾತ್ರ’ ಅಂದರೆ ಸೋಮವಾರ ಫೋನ್ ಮಾಡಿ.