ಟ್ರೇಲರ್ ಮ್ಯಾಲೆ 15 ಟನ್ ಕಾಯಿಲ್, ಅರಬೈಲ್ ಘಾಟ್ ಇಳಿಸಬೇಕು: ಎಷ್ಟು ಬೆಲ್ಟ್ ಬೇಕ್ರಿ?

ತಾರಿಹಾಳ ಲೋಡಿಂಗ್:
40 ಫೂಟಿನ ಫ್ಲ್ಯಾಟ್‌ಬೆಡ್, ಹಿಂದ ಮೂರು ಆಕ್ಸಲ್. ತೋರಣಗಲ್ಲಿನಿಂದ ಬಂದ ಎಚ್.ಆರ್. ಕಾಯಿಲ್ (ಹಾಟ್ ರೋಲ್ಡ್, ಸುರುಳಿ ಸುತ್ತಿದ ಉಕ್ಕಿನ ತಗಡು) ಒಂದು: 15 ಟನ್, ವ್ಯಾಸ 1.6 ಮೀಟರ್, ಅಗಲ 1.25. ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲ್ ಘಾಟ್ ಮ್ಯಾಲೆ ಕಾರವಾರಕ್ಕ ಹೋಗಬೇಕು. 4 ಇಂಚಿನ ಗುಟಕಾ (ಉರುಳದಂಗ ಕೊಡೋ ಕಟ್ಟಿಗಿ ಬೆಣೆ) ಕೊಟ್ಟು ಆರು ಬೆಲ್ಟ್ ಬಿಗಿದ್ರ ಸಾಕು ಅಂತಾನ ಡ್ರೈವರ್. ಬೆಲ್ಟಿನ ಮ್ಯಾಲೆ 5 ಟನ್ ಅಂತ ಬರದೈತಿ. ಆರು ಅಂದ್ರ 30 ಟನ್ ಆತಲ್ರಿ?

ಗೋಕುಲ ರೋಡ್ ರಿಗ್ಗರ್:
ಆಗೂದಿಲ್ರಿ. ಆ 5 ಟನ್ ಬೆಲ್ಟ್ ಹರಿಯೋ ಲೆಕ್ಕ. ನೇರ ಎಳೆತಕ್ಕ ನಂಬಬೇಕಾದದ್ದು ಅದರ ಅರ್ಧ, 2.5 ಟನ್. ಮಾಲಿನ ಮ್ಯಾಲೆ ಹಾಯಿಸಿ ಕಟ್ಟಿದಾಗ ಅದೂ ಸಿಗೂದಿಲ್ಲ. ಅಲ್ಲಿ ಬೆಲ್ಟ್ ಮಾಲನ್ನ ಕೆಳಗ ಒತ್ತತೈತಿ ಅಷ್ಟ. ಜಾರದಂಗ ಹಿಡಿಯೋದು ಘರ್ಷಣೆ. ಕೈಯಿಂದ ರ‍್ಯಾಚೆಟ್ (ಬೆಲ್ಟ್ ಬಿಗಿಯೋ ಹಿಡಿಕಿ) ಎಳೆದರ ಬೆಲ್ಟಿನೊಳಗ ಬರೋ ಬಿಗಿತ ಸುಮಾರು 300 ಕೆ.ಜಿ., ಟ್ಯಾಗ್‌ನ್ಯಾಗ ಎಸ್.ಟಿ.ಎಫ್. ಅಂತ ಬರದಿರತೈತಿ. ಎರಡೂ ಬದಿ ಸೇರಿ ಒಂದು ಬೆಲ್ಟಿಗೆ 600 ಕೆ.ಜಿ. ಒತ್ತಡ. ಅದೂ ಬೆಲ್ಟ್ ನೆಟ್ಟಗ ಇಳಿದಾಗ. ಬೆಡ್ಡಿಗೆ 30 ಡಿಗ್ರಿಯಷ್ಟ ಓರೆ ಇದ್ರ ಇದರ ಅರ್ಧ.

ಈಗ ಲೆಕ್ಕ ಹಾಕ್ರಿ. ಜೋರು ಬ್ರೇಕಿಗೆ ತೂಕದ 0.8 ಪಟ್ಟು ಮುಂದಕ್ಕ, ತಿರುವಿನ್ಯಾಗ 0.5 ಪಟ್ಟು ಬದಿಗೆ ನುಗ್ಗತೈತಿ ಅಂತ ಹಿಡಿದು ಕಟ್ಟಬೇಕು. 15 ಟನ್ನಿಗೆ ಮುಂದಕ್ಕ 12 ಟನ್. ಕಟ್ಟಿಗಿ ಮ್ಯಾಲೆ ಘರ್ಷಣೆ 0.3 ಹಿಡಿದ್ರ 4.5 ಟನ್ ತಾನ ನಿಲ್ಲತೈತಿ. ಉಳಿದ 7.5 ಟನ್ನಿಗೆ 25 ಟನ್ ಒತ್ತಡ ಬೇಕು, ಅಂದ್ರ 42 ಬೆಲ್ಟ್! ಅದ ಜಾಗಾದಾಗ ಘರ್ಷಣೆ 0.6 ಕೊಡೋ ರಬ್ಬರ್ ಮ್ಯಾಟ್ ಹಾಕಿದ್ರ ಉಳಿಯೋದು 3 ಟನ್, ಬೆಲ್ಟ್ 9. ಮುಂದ ಗಟ್ಟಿ ತಡೆ ಕೊಟ್ರ ಇನ್ನೂ ಕಡಿಮಿ ಸಾಕು. ರೊಕ್ಕ ಮೊದಲು ಮ್ಯಾಟಿಗೆ ಹಾಕ್ರಿ, ಬೆಲ್ಟ್ ಆಮ್ಯಾಲೆ. ಎಣ್ಣಿ, ಅದಿರಿನ ಧೂಳು ಬೆಡ್ಡಿನ ಮ್ಯಾಲಿದ್ರ ಈ ಲೆಕ್ಕ ಎಲ್ಲಾ ಸುಳ್ಳು. ಗುಡಿಸಿ, ಒರೆಸಿ ಮ್ಯಾಟ್ ಹಾಸ್ರಿ.

ಗುಟಕಾದ್ದೂ ಹಂಗ. ಕಾಯಿಲಿನ ಕಣ್ಣು (ನಡುವಿನ ತೂತು) ಬದಿಗೆ ಮಾಡಿ ಇಟ್ರ ಅದು ಕ್ಯಾಬಿನ್ ಕಡೆ ಉರುಳತೈತಿ. 1.6 ಮೀಟರ್ ವ್ಯಾಸಕ್ಕ 4 ಇಂಚು ಗುಟಕಾ ತಡೆಯೋದು 0.55 ಪಟ್ಟು ಅಷ್ಟ, 0.8ಕ್ಕ 7 ಇಂಚು ಬೇಕು. ಘಾಟಿಗೆ ಹೋಗೋ ಗಾಡಿಗೆ ಕಣ್ಣು ಮುಂದ-ಹಿಂದ ಇರೋ ಹಂಗ ಇಡೋದು ಉತ್ತಮ ಅನ್ನೋದು ನನ್ನ ಮಾತು. ಆಗ ಬ್ರೇಕಿಗೆ ಉರುಳೂದಿಲ್ಲ, ಜಾರೋದನ್ನ ಅಷ್ಟ ತಡೀಬೇಕು. ಬದಿಗೆ ಉರುಳದಂಗ ಎರಡೂ ಕಡೆ 5–6 ಇಂಚಿನ ಉದ್ದ ಗುಟಕಾ. ಅವೆರಡೂ ಅಗಲ ಆಗದಂಗ ಅಡ್ಡ ಕಬ್ಬಿಣ ಬೋಲ್ಟ್ ಮಾಡಿ ಒಂದ ಚೌಕಟ್ಟು ಮಾಡ್ರಿ. ಬರೀ ಮೊಳೆ ಹೊಡೆದ ಗುಟಕಾ ಒದ್ದಕೊಂಡು ಹೋಗತೈತಿ. ಮ್ಯಾಟ್ ಎರಡು ಕಡೆ ಬೇಕು: ಬೆಡ್ಡಿಗೂ ಚೌಕಟ್ಟಿಗೂ ನಡುವ, ಚೌಕಟ್ಟಿಗೂ ಕಾಯಿಲಿಗೂ ನಡುವ. ಒಂದ ಕಡೆ ಹಾಕಿದ್ರ ಇನ್ನೊಂದು ಕಡೆ ಜಾರತೈತಿ.

ಕಲಘಟಗಿ ಗಾಡಿ:
ಮೇಲಿನವರು ಹೇಳಿದ್ದಕ್ಕೆ ಚೈನ್ ಸೇರಿಸ್ತೀನಿ. ಗ್ರೇಡ್ 80ರ (ಹೆಚ್ಚು ಬಲದ ಉಕ್ಕಿನ) 10 ಎಂ.ಎಂ. ಚೈನ್ ಎರಡು, ಕಣ್ಣೊಳಗಿಂದ ಎಕ್ಸ್ ಆಕಾರದಲ್ಲಿ ಹಾಯಿಸಿ, ಒಂದು ತುದಿ ಮುಂದಿನ ಮೂಲೆಗೆ, ಇನ್ನೊಂದು ಎದುರು ಬದಿಯ ಹಿಂದಿನ ಮೂಲೆಗೆ. ಮೇಲಿಂದ ಅಡ್ಡಲಾಗಿ ಬೇರೆ ಚೈನ್ ಅಥವಾ ಬೆಲ್ಟ್. ಕಾಯಿಲಿನ ಅಂಚು ಬ್ಲೇಡ್ ಇದ್ದಂಗ, ಬೆಲ್ಟ್ ತಾಗೋ ಕಡೆಯೆಲ್ಲ ಮೂಲೆ ಪಟ್ಟಿ ಇಡಲೇಬೇಕು. ಮಿಲ್ಲಿನಿಂದ ಬಿಸಿ ಬಿಸಿ ಬಂದ ಕಾಯಿಲಿಗೆ ಪಾಲಿಯೆಸ್ಟರ್ ಬೆಲ್ಟ್ ಹಾಕಬೇಡಿ, 100 ಡಿಗ್ರಿ ದಾಟಿದ್ರೆ ಅದು ಕೆಲಸಕ್ಕೆ ಬರೋದಿಲ್ಲ. ಬೆಲ್ಟಿಗೆ ಗಂಟು ಹಾಕಿ ಉದ್ದ ಮಾಡೋದೂ ಬೇಡ, ಗಂಟಿನಲ್ಲಿ ಬಲ ಹೆಚ್ಚುಕಡಿಮೆ ಅರ್ಧ ಹೋಗುತ್ತೆ. ಹುಕ್ಕುಗಳು ಬದಿಯ ತೆಳು ಪಟ್ಟಿಗೆ ಬೆಸುಗೆ ಹಾಕಿದವಾದ್ರೆ ನಂಬಬೇಡಿ. ಅಡಿಯ ಕ್ರಾಸ್ ಮೆಂಬರಿಗೆ (ಬೆಡ್ಡಿನ ಕೆಳಗಿನ ಅಡ್ಡ ತೊಲೆಗೆ) ಹಿಡಿದಿರಬೇಕು. ಮುಂದಿನ ತಡೆಯೂ ಅಷ್ಟೇ, ಬೆಡ್ಡಿನ ತಗಡಿಗಲ್ಲ, ಕ್ರಾಸ್ ಮೆಂಬರಿಗೆ.

ತಾರಿಹಾಳ ಲೋಡಿಂಗ್:
ಛಲೋ ಆತು. ಚೈನ್ ಬದಲಿ ವಾಯರ್ ರೋಪ್ ಐತಿ, ನಡೀತೈತೇನು? ಮತ್ತ ಕಾಯಿಲ್ ಬೆಡ್ಡಿನ ಎಲ್ಲಿ ಇಡಬೇಕು?

ಕಲಘಟಗಿ ಗಾಡಿ:
ಸವೆದ ಎಳೆ ಇಲ್ಲದಿದ್ರೆ ನಡೀತದೆ. ರೋಪ್ ಮಡಚಿ ಹಿಡಿಯೋ ಕ್ಲಿಪ್ ಕನಿಷ್ಠ ಮೂರು, ಸ್ಯಾಡಲ್ (ಕ್ಲಿಪ್ಪಿನ ತಳದ ತುಂಡು) ಭಾರ ಎಳೆಯೋ ಎಳೆಯ ಮೇಲೆ, ಯು ಬೋಲ್ಟ್ ಸತ್ತ ತುದಿಯ (ಭಾರ ಬೀಳದ ಮಡಚಿದ ತುದಿಯ) ಮೇಲೆ. ಬಹಳ ಕಡೆ ಇದು ಉಲ್ಟಾ ಇರೋದು ಕಾಣುತ್ತೆ.

ಗೋಕುಲ ರೋಡ್ ರಿಗ್ಗರ್:
ಕಾಯಿಲ್ ಕಿಂಗ್ ಪಿನ್ನಿಗೂ (ಟ್ರೇಲರನ್ನ ಮುಂದಿನ ಗಾಡಿಗೆ ಜೋಡಿಸೋ ಗೂಟ) ಹಿಂದಿನ ಆಕ್ಸಲ್ಲಿಗೂ ನಡುವ, ಆಕ್ಸಲ್ ಕಡೆ ತುಸು ವಾಲಿಸಿ. ಪೂರಾ ಹಿಂದಕ್ಕ ಹಾಕಿದ್ರ ಮುಂದಿನ ಗಾಡಿಯ ಗಾಲಿಗೆ ಭಾರ ಸಾಲದ ಘಾಟಿನ್ಯಾಗ ಹಿಡಿತ ಹೋಗತೈತಿ. ಮೂರು ಆಕ್ಸಲ್ ಗುಂಪಿಗೆ 27 ಟನ್ ಮಿತಿ, ನಿಮಗ ಆ ಚಿಂತಿ ಇಲ್ಲ. ಚಿಂತಿ ಇರೋದು ಒಂದ ಜಾಗಾದಾಗ 15 ಟನ್ ಬೀಳೋದು. ಚೌಕಟ್ಟಿನ ಉದ್ದ ಕಬ್ಬಿಣ ನಾಲ್ಕಾರು ಕ್ರಾಸ್ ಮೆಂಬರ್ ಮ್ಯಾಲೆ ಕೂಡೂವಷ್ಟು ಉದ್ದ ಇರಲಿ, ಇಲ್ಲಂದ್ರ ಬೆಡ್ಡು ತಗ್ಗತೈತಿ.

ಕಟ್ಟಿಗಿ ಕೂತಂಗ ಚೈನ್ ಸಡಿಲ ಆಗತೈತಿ. ಕಲಘಟಗಿಯೊಳಗ ಒಮ್ಮೆ, ಘಾಟಿಗೆ ಮೊದಲು ಯಲ್ಲಾಪುರದಾಗ ಇನ್ನೊಮ್ಮೆ ಬಿಗೀರಿ. ಮಳಿ ಇದ್ರ ಮ್ಯಾಟಿನ ಅಂಚೂ ನೋಡ್ರಿ, ಸರಿದಿದ್ರ ಕಾಯಿಲ್ ಸರಿಯಾಕ ಹತ್ತೈತಿ ಅಂತ. ಮ್ಯಾಟ್ 8 ಎಂ.ಎಂ. ದಪ್ಪದ್ದು ತಗೋರಿ, ಹಳೇ ಟೈರ್ ಟ್ಯೂಬ್ ಕತ್ತರಿಸಿ ಹಾಸೋದು ಬ್ಯಾಡ.